ಬಲಸಮುದ್ರದಿಂದ ಸಮುದ್ರಕ್ಕೆ

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಆರನೆಯ ತರಗತಿ ಮುಗಿಸಿದ ಹುಡುಗಿ. ಬಸ್ಸಿನಿಂದ ಇಳಿದವಳೇ ಊರಿನ ಬೋರ್ಡು ಓದಿ, “ತಾತ, ಬಲಸಮುದ್ರ ಅಂತ ಇದೆಯಲ್ಲ, ಸಮುದ್ರ ಎಲ್ಲಿ?” ಎಂದಳು. ಏರಿಯ ಮೇಲೆ ಕರೆದುಕೊಂಡು ಹೋಗಿ ಕೆರೆ ತೋರಿಸಿದೆ. ನಡುವೆ ಒಂದಿಷ್ಟು ನೀರು ನಿಂತಿತ್ತು. ಉಳಿದದ್ದೆಲ್ಲ ಜಾಲಿ ಗಿಡ. “ಇದಾ?” ಎಂದು ನಕ್ಕಳು.

ನಗುವ ಮಾತಲ್ಲ ಮಕ್ಕಳೇ. ನಮ್ಮ ಬಯಲುಸೀಮೆಯಲ್ಲಿ ಸಮುದ್ರ, ಸಾಗರ ಎಂದು ಕೊನೆಯಾಗುವ ಊರುಗಳು ಬೇಕಾದಷ್ಟಿವೆ. ಗಡಿ ದಾಟಿದರೆ ಅನಂತಪುರದ ಪಕ್ಕದಲ್ಲಿ ಬುಕ್ಕರಾಯಸಮುದ್ರವಿದೆ. ಮಳೆ ಕಡಿಮೆ ಬೀಳುವ ನೆಲದಲ್ಲಿ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಹಾಗೆ ನಿಂತ ನೀರನ್ನೇ ಸಮುದ್ರ ಎಂದು ಕರೆದರು. ನೀರಿನ ಬೆಲೆ ಗೊತ್ತಿದ್ದವರು ಇಟ್ಟ ಹೆಸರು ಅದು.

“ನೀನು ನಿಜವಾದ ಸಮುದ್ರ ನೋಡಿದ್ದೀಯಾ ತಾತ?” ಎಂದು ಅವಳು ಕೇಳಿದಳು. ನನ್ನನ್ನು ಎಲ್ಲರೂ ಬ್ಯಾಂಕಿನ ಗುಮಾಸ್ತ ಎಂದೇ ಬಲ್ಲರು. ಕೌಂಟರಿನ ಹಿಂದೆ ಕೂತು ಲೆಡ್ಜರ್ ಬರೆಯುವುದಕ್ಕೆ ಮೊದಲು ನಾನು ಭಾರತೀಯ ನೌಕಾಪಡೆಯಲ್ಲಿ ‘ಬಾಯ್’ ಆಗಿ ಸೇರಿದ ಹುಡುಗ ನಾವಿಕ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ಕತೆಯನ್ನು ಏರಿಯ ಮೇಲೆ ಕೂತು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವ್ವನ ಹೆಬ್ಬೆಟ್ಟು

ನನಗೊಬ್ಬ ಅಣ್ಣನಿದ್ದ. ನಾನು ಆರು ವರ್ಷದವನಿದ್ದಾಗ, ಅವನು ಒಂಬತ್ತು ವರ್ಷದವನಿದ್ದಾಗ, ಕೆರೆಯ ತೂಬಿನ ಹತ್ತಿರ ನೀರಿಗಿಳಿದು ಮುಳುಗಿ ಹೋದ. ಜೊತೆಗಿದ್ದ ಹುಡುಗರಿಗೂ ಈಜು ಬರುತ್ತಿರಲಿಲ್ಲ. ಊರೊಳಗೆ ಓಡಿ ಬಂದು ದೊಡ್ಡವರನ್ನು ಕರೆಯುವ ಹೊತ್ತಿಗೆ ತಡವಾಗಿತ್ತು. ಅಂದಿನಿಂದ ಅವ್ವ ನನ್ನನ್ನು ಕೆರೆಯ ಕಡೆ ಬಿಡಲೇ ಇಲ್ಲ. ಊರಿನ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಅವರ ಬಟ್ಟೆ ಕಾಯುತ್ತಿದ್ದೆ.

1965ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲೂ ಅದೇ ಕತೆ. ದೇಶದಲ್ಲೇ ಬರ. ನಮ್ಮ ಕೆರೆಯ ತಳ ಬಿರುಕು ಬಿಟ್ಟಿತು. ರಾಗಿ ಮುಗಿದು, ಪಡಿತರದ ಗೋಧಿ ತಿನ್ನುವುದನ್ನು ಕಲಿತೆವು. ಅಪ್ಪ ಘಟ್ಟದ ಮೇಲೆ ಕಾಫಿ ತೋಟದ ಕೂಲಿಗೆ ಹೋದರು. ನನಗೆ ಆಗ 16 ವರ್ಷ. ನೌಕಾಪಡೆಗೆ ಹುಡುಗರನ್ನು ಆರಿಸುತ್ತಾರೆ, ಊಟ, ಬಟ್ಟೆ, ಓದು ಎಲ್ಲ ಅವರದೇ, ಮೇಲೆ ಸಂಬಳವೂ ಉಂಟು ಎಂದು ಪೇಪರಿನಲ್ಲಿ ಬಂದಿತ್ತು. ಗೆಳೆಯನ ಜೊತೆ ಬೆಂಗಳೂರಿಗೆ ಹೋಗಿ ನಿಂತೆ. ಎದೆ ಅಳೆದರು, ಕಣ್ಣು ನೋಡಿದರು, ಲೆಕ್ಕ ಕೊಟ್ಟರು. ಗೆಳೆಯ ಉಳಿಯಲಿಲ್ಲ, ನಾನು ಆಯ್ಕೆಯಾದೆ.

ಆದರೆ ಚಿಕ್ಕ ವಯಸ್ಸಿನವನಾದ್ದರಿಂದ ಹೆತ್ತವರ ಒಪ್ಪಿಗೆ ಪತ್ರ ಬೇಕಿತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ. ಕಾಗದ ಮುಂದಿಟ್ಟು, “ಸರ್ಕಾರದೋರು ಓದಿಸ್ತಾರಂತೆ ಅವ್ವ, ಹೆಬ್ಬೆಟ್ಟು ಒತ್ತು” ಎಂದೆ.

“ಯಾವೂರಲ್ಲಿ?”

“ಬೆಂಗಳೂರಿಂದ ಆಚೆ.”

ಶಾಯಿ ಹತ್ತಿದ ಬೆರಳನ್ನು ಕಾಗದದ ಮೇಲಿಡುವ ಮುಂಚೆ ಅವ್ವ ಒಂದೇ ಒಂದು ಮಾತು ಕೇಳಿದಳು. “ಅಲ್ಲಿ ಕೆರೆಗಿರೆ ಐತೇನಪ್ಪ?”

“ಇಲ್ಲವ್ವ, ಕೆರೆ ಇಲ್ಲ” ಎಂದೆ.

ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆರೆ ಇರಲಿಲ್ಲ ನಿಜ. ಅವ್ವ ಹೆಬ್ಬೆಟ್ಟು ಒತ್ತಿದಳು.

ನೆಲದ ಮೇಲಿನ ಹಡಗು

ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬಸ್ಸು. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ಮದ್ರಾಸು, ಮದ್ರಾಸಿನಿಂದ ಹೌರಾ ಮೇಲ್. ಇಳಿಯಬೇಕಾದ ನಿಲ್ದಾಣದ ಹೆಸರು ವಾಲ್ಟೇರ್. ಈಗ ಅದನ್ನು ವಿಶಾಖಪಟ್ಟಣ ಎನ್ನುತ್ತಾರೆ. ಸಮುದ್ರವನ್ನು ಮೊದಲು ಕಂಡಾಗ ನನಗೆ ಸಂತೋಷವಾಗಲಿಲ್ಲ, ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಚೆ ದಡವೇ ಇಲ್ಲ! ಡಾಲ್ಫಿನ್ಸ್ ನೋಸ್ ಎಂಬ ಬೆಟ್ಟ ಮೂಗು ಚಾಚಿ ನೀರಿಗಿಳಿದಂತೆ ನಿಂತಿತ್ತು. ಅದರ ಕೆಳಗೆ ಬಂದರಿನ ಬಾಯಿ, ಹಡಗುಗಳು.

ಹುಡುಗರಿಗೆ ನೌಕಾ ಶಿಕ್ಷಣ ಕೊಡುವ ಶಾಲೆಗಳು ಸ್ವಾತಂತ್ರ್ಯಕ್ಕೆ ಮೊದಲು ಕರಾಚಿಯಲ್ಲಿದ್ದವು. ಅವುಗಳ ಹೆಸರು ‘ಬಹಾದುರ್’, ‘ದಿಲಾವರ್’. 1947ರಲ್ಲಿ ದೇಶ ಇಬ್ಭಾಗವಾದಾಗ ಅವು ಪಾಕಿಸ್ತಾನಕ್ಕೆ ಸೇರಿದವು. ನಮ್ಮ ನೌಕಾಪಡೆ ವಿಶಾಖಪಟ್ಟಣದಲ್ಲಿ ಹೊಸದಾಗಿ ಹುಡುಗರ ತರಬೇತಿ ಶುರುಮಾಡಿತು. ಅಲ್ಲಿನ ನೆಲೆಯ ಹೆಸರು ಐ.ಎನ್.ಎಸ್. ಸರ್ಕಾರ್ಸ್. ಆ ಕರಾವಳಿ ಜಿಲ್ಲೆಗಳಿಗೆ ಹಿಂದೆ ಉತ್ತರ ಸರ್ಕಾರ್ ಎಂಬ ಹೆಸರಿತ್ತು, ಅದರಿಂದ ಬಂದದ್ದು.

ಐ.ಎನ್.ಎಸ್. ಎಂದರೆ ಭಾರತದ ನೌಕಾ ಹಡಗು. ಆದರೆ ಇದು ನೆಲದ ಮೇಲಿರುವ ಕಟ್ಟಡ! ನೌಕಾಪಡೆಯ ಪದ್ಧತಿಯೇ ಹಾಗೆ. ದಡದ ಮೇಲಿನ ನೆಲೆಯನ್ನೂ ಹಡಗೆಂದೇ ಕರೆಯುತ್ತಾರೆ. ನೆಲಕ್ಕೆ ‘ಡೆಕ್’, ಅಡುಗೆಮನೆಗೆ ‘ಗ್ಯಾಲಿ’. ಗೇಟು ದಾಟಿ ಪೇಟೆಗೆ ಹೋದರೆ ‘ದಡಕ್ಕೆ ಹೋದ’ ಎನ್ನಬೇಕು. ಎಡ ‘ಪೋರ್ಟ್’, ಬಲ ‘ಸ್ಟಾರ್‌ಬೋರ್ಡ್’. ಹಿಂದಿ, ಇಂಗ್ಲಿಷ್ ಎರಡೂ ಸರಿಯಾಗಿ ಬಾರದ ನನಗೆ ಮೊದಲ ವಾರ ತಲೆ ತಿರುಗಿತು. ಕೈಹಿಡಿದದ್ದು ತೆಲುಗು. ಮಧುಗಿರಿ, ಪಾವಗಡದ ಕಡೆಯವರಿಗೆ ತೆಲುಗು ಮನೆಮಾತಿನ ಹಾಗೇ. ಅಡುಗೆಯವರ ಹತ್ತಿರ ತೆಲುಗಿನಲ್ಲಿ ಮಾತಾಡಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬ ಊಟ ಸಿಗುತ್ತಿತ್ತು. ಉಣ್ಣುವಾಗ ಮಾತ್ರ ಅವ್ವ ಏನು ಉಂಡಳೋ ಎಂಬ ಯೋಚನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಬೆಳಕು ಹರಿಯುವ ಮುಂಚೆ ಏಳಬೇಕು. ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವುದು, ಶೂ ಉಜ್ಜುವುದು, ನೆಲ ತೊಳೆಯುವುದು ಎಲ್ಲ ನಮ್ಮದೇ ಕೆಲಸ. ಕವಾಯತು, ಬಾವುಟ ಬೀಸಿ ಸುದ್ದಿ ಹೇಳುವ ಸೆಮಾಫೋರ್, ದೋಣಿ ಹುಟ್ಟು ಹಾಕುವುದು, ಹಗ್ಗದ ಕೆಲಸ, ಜೊತೆಗೆ ಗಣಿತ, ಇಂಗ್ಲಿಷ್ ಪಾಠ. ‘ವೇಲರ್’ ಎಂಬ 27 ಅಡಿ ಉದ್ದದ ದೋಣಿಗೆ ಐದು ಹುಟ್ಟು. ಐವರೂ ಒಟ್ಟಿಗೆ ಎಳೆದರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ. ಒಬ್ಬ ತಡಮಾಡಿದರೂ ಹುಟ್ಟಿಗೆ ಹುಟ್ಟು ಬಡಿದು ದೋಣಿ ಸೊಟ್ಟಗಾಗುತ್ತದೆ. ಅಂಗೈಯ ಬೊಬ್ಬೆ ಒಡೆದು, ಗಟ್ಟಿಯಾಗಿ, ಮತ್ತೆ ಬೊಬ್ಬೆ ಬರುತ್ತಿತ್ತು.

ಹೊತ್ತು ತಿಳಿಸುವುದಕ್ಕೆ ಹಡಗಿನ ಗಂಟೆ. ಅದರ ಲೆಕ್ಕ ಬೇರೆ. ದಿನವನ್ನು ನಾಲ್ಕು ನಾಲ್ಕು ಗಂಟೆಯ ಪಾಳಿಯಾಗಿ ಮಾಡುತ್ತಾರೆ. ಪಾಳಿ ಶುರುವಾಗಿ ಅರ್ಧ ಗಂಟೆಗೆ ಒಂದು ಸಲ ಬಾರಿಸುತ್ತಾರೆ, ಒಂದು ಗಂಟೆಗೆ ಎರಡು, ಹೀಗೆ ಪಾಳಿ ಮುಗಿಯುವಾಗ ಎಂಟು. ಬೆಳಿಗ್ಗೆ 8ಕ್ಕೆ ಪಾಳಿ ಶುರುವಾದರೆ 10 ಗಂಟೆಗೆ ಎಷ್ಟು ಸಲ ಬಾರಿಸಬೇಕು? ಲೆಕ್ಕ ಹಾಕಿ ಮಕ್ಕಳೇ, ಉತ್ತರ ಕೊನೆಯಲ್ಲಿ ಹೇಳುತ್ತೇನೆ.

ಅವರ ಫ್ಯಾದಮ್, ನಮ್ಮ ಮಾರು

ಒಂದು ದಿನ ನೀರಿನ ಆಳ ಅಳೆಯುವ ಪಾಠ. ಉದ್ದನೆಯ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡುತ್ತಾರೆ. ಎಷ್ಟು ಆಳಕ್ಕೆ ಹೋಯಿತು ಎಂದು ತಿಳಿಯಲು ಹಗ್ಗದ ಮೇಲೆ ಗುರುತುಗಳಿರುತ್ತವೆ. ಎರಡು ಫ್ಯಾದಮ್‌ಗೆ ಎರಡು ಸೀಳಿನ ಚರ್ಮ, ಮೂರಕ್ಕೆ ಮೂರು ಸೀಳು, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತು ಮಾಡಿದ ಚರ್ಮ. ಕತ್ತಲಲ್ಲಿ ಬಣ್ಣ ಕಾಣದಿದ್ದರೂ ಕೈಗೆ ತಾಗಿದರೆ ಗೊತ್ತಾಗುವ ಹಾಗೆ ಬೇರೆ ಬೇರೆ ಬಟ್ಟೆ ಕಟ್ಟಿರುತ್ತಾರೆ.

ಫ್ಯಾದಮ್ ಎಂದರೇನು ಎಂದು ಕಲಿಸುವವರು ಕೇಳಿದರು. ಯಾರಿಗೂ ಗೊತ್ತಿಲ್ಲ. ಅವರು ಎರಡೂ ಕೈ ಅಗಲ ಚಾಚಿ ತೋರಿಸಿದರು. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ, ಆರು ಅಡಿ. ನಾನು ತಡೆಯಲಾರದೆ “ಮಾರು!” ಎಂದುಬಿಟ್ಟೆ. ನಮ್ಮೂರಿನಲ್ಲಿ ಬಾವಿಯ ಆಳ ಹೇಳುವುದು ಮಾರಿನಲ್ಲೇ. ಬಾವಿ ಹಗ್ಗ ಕೊಳ್ಳುವಾಗ ಅಪ್ಪ ಕೈ ಚಾಚಿ ಅಳೆಯುತ್ತಿದ್ದುದೂ ಹಾಗೆಯೇ. ಇಂಗ್ಲಿಷಿನ ಫ್ಯಾದಮ್ ಎಂಬ ಪದದ ಹಳೆಯ ಅರ್ಥವೂ ಚಾಚಿದ ತೋಳು ಎಂದೇ ಅಂತೆ. ಸಮುದ್ರದ ಅಳತೆ ನನ್ನ ಊರಿನ ಬಾವಿಯ ಅಳತೆ ಎಂದು ತಿಳಿದ ದಿನ ನನ್ನ ಹೆದರಿಕೆ ಸ್ವಲ್ಪ ಇಳಿಯಿತು.

ಆ ರಾತ್ರಿ ಹೈಸ್ಕೂಲಿನ ಭೂಗೋಳದ ಮೇಷ್ಟ್ರು ನೆನಪಾದರು. ನಮ್ಮ ಕಡೆಯ ಜಯಮಂಗಲಿ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ, ಪಿನಾಕಿನಿ ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದ್ದರು. ವಿಶಾಖಪಟ್ಟಣದ ಮುಂದಿರುವುದೂ ಅದೇ ಬಂಗಾಳ ಕೊಲ್ಲಿ. ಮಳೆ ಬಂದ ವರ್ಷ ನಮ್ಮ ಸೀಮೆಯ ನೀರು ಬಂದು ಸೇರುವ ಜಾಗದಲ್ಲೇ ನಾನಿದ್ದೆ.

ಮುಳುಗಿದ್ದು, ತೇಲಿದ್ದು

ಹೆದರಿಕೆ ಇಳಿಯಿತೇ ಹೊರತು ಹೋಗಿರಲಿಲ್ಲ. ಈಜಿನ ಪಾಠದಲ್ಲಿ ನಾನೇ ಕೊನೆ. ಕಾಲಿಗೆ ನೆಲ ಸಿಗದ ಕೂಡಲೇ ಅಣ್ಣನ ಮುಖ ಕಾಣುತ್ತಿತ್ತು. ಕೈಕಾಲು ಕಟ್ಟಿಹಾಕಿದಂತಾಗಿ ಮುಳುಗುತ್ತಿದ್ದೆ. ಕಲಿಸುವವರು ಬಿದಿರು ಗಳ ಚಾಚುತ್ತಿದ್ದರು, ಹಿಡಿದು ಮೇಲೆ ಬರುತ್ತಿದ್ದೆ. ಒಂದು ಸಂಜೆ ಆ ಪೆಟ್ಟಿ ಆಫೀಸರ್ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಕೇರಳದವರು, ಹಿನ್ನೀರಿನ ದಡದಲ್ಲಿ ಬೆಳೆದವರು. “ನೀರಿಗೆ ಹೆದರುವುದು ತಪ್ಪಲ್ಲ. ನೀನು ಬೇರೆ ಏನೋ ಹೊತ್ತುಕೊಂಡು ಇಳಿಯುತ್ತಿದ್ದೀಯ. ಭಾರ ಹೊತ್ತವನು ಹೇಗೆ ತೇಲುತ್ತಾನೆ?” ಎಂದರು. ನನಗೆ ಅಳು ಬಂತು. ಅಣ್ಣನ ವಿಷಯ, ಅವ್ವನ ಹೆಬ್ಬೆಟ್ಟಿನ ವಿಷಯ ಎರಡನ್ನೂ ಮುರುಕು ಹಿಂದಿಯಲ್ಲಿ ಹೇಳಿದೆ. ಅವರು ಬೈಯಲಿಲ್ಲ. “ಮೊದಲು ಮನೆಗೆ ಕಾಗದ ಬರೆ” ಎಂದರು.

ಇನ್‌ಲ್ಯಾಂಡ್ ಲೆಟರಿನಲ್ಲಿ ಎಲ್ಲ ಬರೆದೆ. ನಾನಿರುವುದು ಸಮುದ್ರದ ದಡದಲ್ಲಿ, ಸೇರಿರುವುದು ಹಡಗಿನ ಕೆಲಸಕ್ಕೆ, ನಿನಗೆ ಮೋಸ ಮಾಡಿದೆ ಎಂದು. ಊರಿನ ಮೇಷ್ಟ್ರು ಓದಿ ಹೇಳುತ್ತಾರೆಂದು ಗೊತ್ತಿತ್ತು. ಮೂರು ವಾರ ಉತ್ತರವಿಲ್ಲ. ಆಮೇಲೆ ಮೇಷ್ಟ್ರ ಅಕ್ಷರದಲ್ಲಿ ಅವ್ವನ ಮಾತು ಬಂತು. ಅವರು ಅವಳ ಮಾತನ್ನು ತಿದ್ದದೆ ಹಾಗೇ ಬರೆದಿದ್ದರು:

“ಕೆರೆ ಇಲ್ಲ ಅಂದೆ. ಸಮುದ್ರ ಐತೆ ಅನ್ನಲಿಲ್ಲ. ಎರಡು ದಿನ ಒಲೆ ಹಚ್ಚಲಿಲ್ಲ ನಾನು. ಈಗ ನಿಜ ಹೇಳಿದ್ದೀಯ. ವಾಪಸು ಬಾ ಅಂತ ಕರೆಯಲ್ಲ. ನಿಮ್ಮಣ್ಣಂಗೆ ಈಜು ಕಲಿಸೋರು ಯಾರೂ ಇರಲಿಲ್ಲ. ನಿನ್ನನ್ನೂ ನಾನೇ ಬಿಡಲಿಲ್ಲ. ಅಲ್ಲಿ ಕಲಿಸೋರು ಅವ್ರೆ. ಕಲಿ.”

ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಮಾರನೆಯ ದಿನವೇ ಈಜು ಬಂತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಇನ್ನೂ ತಿಂಗಳು ಹಿಡಿಯಿತು. ಮೊದಲು ಅಲುಗಾಡದೆ ಮಲಗಿ ತೇಲುವುದು, ಆಮೇಲೆ ಕಾಲು ಬಡಿಯುವುದು, ಆಮೇಲೆ ಕೈ, ಕೊನೆಗೆ ಉಸಿರು. ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಎರಡನೆಯದು. ಪಾಸು ಪಾಸೇ!

ತರಬೇತಿ ಮುಗಿಸಿ, ನೀಲಿ ಕಾಲರಿನ ಬಿಳಿ ಸಮವಸ್ತ್ರ ಹಾಕಿಕೊಂಡು, ತಗಡಿನ ಟ್ರಂಕು ಹೊತ್ತು ರಜೆಗೆ ಊರಿಗೆ ಬಂದೆ. ಆ ವರ್ಷ ಮಳೆಯಾಗಿ ಕೆರೆಗೆ ನೀರು ಬಂದಿತ್ತು. ಅವ್ವ ಹೆಚ್ಚು ಮಾತಾಡಲಿಲ್ಲ. ಮುದ್ದೆ, ಹುರುಳಿಸಾರು ಬಡಿಸಿದಳು. ಮರುದಿನ ಬೆಳಿಗ್ಗೆ, “ನಡಿ ಕೆರೆಗೆ” ಎಂದಳು. ಹತ್ತು ವರ್ಷದಿಂದ ಆ ಕಡೆ ತಲೆ ಹಾಕದಿದ್ದವಳು ಏರಿ ಹತ್ತಿ ತೂಬಿನ ಹತ್ತಿರ ನಿಂತಳು. “ಈಜು, ನೋಡ್ತೀನಿ” ಎಂದಳು. ಅವಳ ಕೈಯಲ್ಲಿ ನಮ್ಮ ಮನೆಯ ಬಾವಿ ಹಗ್ಗವಿತ್ತು.

“ಇದ್ಯಾಕವ್ವ?”

“ಇರಲಿ ಅಂತ.”

ಆಚೆ ದಡ ಮುಟ್ಟಿ ತಿರುಗಿ ಬಂದೆ. ಅವ್ವ ಸೆರಗಿನಿಂದ ನನ್ನ ತಲೆ ಒರೆಸಿದಳು. ಹಗ್ಗ ಸುತ್ತಿಕೊಂಡು ಮನೆಗೆ ನಡೆದಳು. ಆ ವಿಷಯ ಮತ್ತೆಂದೂ ನಮ್ಮ ನಡುವೆ ಬರಲಿಲ್ಲ.

ಈಜು ಬಂದವರನ್ನೂ ಸಮುದ್ರ ಬಿಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. 1971ರ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ದೀವ್ ಬಳಿ ನಮ್ಮ ‘ಖುಕ್ರಿ’ ಹಡಗು ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ನಾನು ಬೇರೆ ಹಡಗಿನಲ್ಲಿದ್ದೆ. ನನ್ನ ಕಾಗದ ಬರುವ ತನಕ ಅವ್ವ ಮೇಷ್ಟ್ರ ಮನೆಯ ರೇಡಿಯೋ ಮುಂದೆ ಕೂತಿರುತ್ತಿದ್ದಳಂತೆ. 1978ರಲ್ಲಿ ನನ್ನ ಸೇವೆ ಮುಗಿಯಿತು. ಅಂಚೆ ಶಿಕ್ಷಣದಲ್ಲಿ ಬಿ.ಕಾಂ. ಮಾಡಿಕೊಂಡಿದ್ದೆ, ಬ್ಯಾಂಕಿನ ಕೆಲಸ ಸಿಕ್ಕಿತು. ಮಿಕ್ಕ ಆಯಸ್ಸು ಲೆಡ್ಜರಿನ ಮುಂದೆ ಕಳೆಯಿತು.

ಈಗಿನ ಮಕ್ಕಳಿಗೆ

ಈಗ 16 ವರ್ಷದ ಹುಡುಗರನ್ನು ಹಾಗೆ ಸೇರಿಸಿಕೊಳ್ಳುವುದಿಲ್ಲ. ನಾವಿಕರ ತರಬೇತಿ ಒಡಿಶಾದ ಚಿಲಿಕಾ ಸರೋವರದ ದಡದಲ್ಲಿರುವ ಐ.ಎನ್.ಎಸ್. ಚಿಲ್ಕಾದಲ್ಲಿ ನಡೆಯುತ್ತದೆ. ಅದು 1980ರಲ್ಲಿ ಶುರುವಾಯಿತು. ಅಗ್ನಿವೀರರಾಗಿ ಸೇರಲು ಹದಿನೇಳೂವರೆ ವರ್ಷ ತುಂಬಿರಬೇಕು. 2023ರ ಮಾರ್ಚ್‌ನಲ್ಲಿ ಅಲ್ಲಿಂದ ಹೊರಬಂದ ಅಗ್ನಿವೀರರ ಮೊದಲ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು. ಇದನ್ನು ಹೇಳಿದಾಗ ಮೊಮ್ಮಗಳ ಕಣ್ಣು ಅರಳಿತು.

ನೌಕಾಪಡೆಗೆ ಎಲ್ಲರೂ ಹೋಗಬೇಕಾಗಿಲ್ಲ. ಈಜು ಮಾತ್ರ ಎಲ್ಲರಿಗೂ ಬೇಕು. ನಮ್ಮ ಕಾಲದಲ್ಲಿ ಕೆರೆ, ಬಾವಿ ಇದ್ದವು. ಈಗ ಹೊಲ ಹೊಲಕ್ಕೂ ಕೃಷಿ ಹೊಂಡ ಬಂದಿವೆ. ಬರದ ಸೀಮೆಗೆ ಅದು ವರವೇ. ಆದರೆ ಅದರೊಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಬಿದ್ದವರಿಗೆ ಈಜು ಬಂದರೂ ಮೇಲೆ ಹತ್ತುವುದು ಕಷ್ಟ. ರಜೆ ಬಂತೆಂದರೆ ಮಕ್ಕಳು ಹೊಂಡದಲ್ಲಿ ಮುಳುಗಿದ ಸುದ್ದಿ ಪೇಪರಿನಲ್ಲಿ ಓದುತ್ತೇವೆ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬನೂ ಹೋಗುತ್ತಾನೆ.

ಆದ್ದರಿಂದ ನೌಕಾಶಾಲೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ. ಯಾರಾದರೂ ಮುಳುಗುತ್ತಿದ್ದರೆ ನೀವು ಮಕ್ಕಳು ನೀರಿಗೆ ಹಾರಬೇಡಿ. ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿಸಿ. ದಡದ ಮೇಲೆ ಮಕಾಡೆ ಮಲಗಿ ಉದ್ದನೆಯ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಎಸೆದರೆ ಅದನ್ನು ಅಪ್ಪಿಕೊಂಡು ತೇಲಬಹುದು. ತುದಿಗೆ ಕುಣಿಕೆ ಇರುವ ಹಗ್ಗ ಎಸೆದರೆ ಇನ್ನೂ ಒಳ್ಳೆಯದು.

ಆ ಕುಣಿಕೆಗೆ ನಾವಿಕರು ‘ಬೋಲಿನ್’ ಎನ್ನುತ್ತಾರೆ. ಜೀರುಗುಣಿಕೆಯಂತೆ ಎಳೆದಷ್ಟೂ ಬಿಗಿದು ಮೈ ಕೊಯ್ಯುವುದಿಲ್ಲ, ಬಿಚ್ಚಿಯೂ ಹೋಗುವುದಿಲ್ಲ. ಮೊಮ್ಮಗಳಿಗೆ ಹೀಗೆ ಹೇಳಿಕೊಟ್ಟೆ. ಹಗ್ಗದಲ್ಲಿ ಒಂದು ಸಣ್ಣ ಸುತ್ತು ಹಾಕು, ಅದು ಹುತ್ತ. ಮೇಲಕ್ಕೆ ಹೋಗುವ ಉದ್ದ ಹಗ್ಗ ಮರ. ಕೈಯಲ್ಲಿರುವ ತುದಿ ಹಾವು. ಹಾವು ಹುತ್ತದ ಒಳಗಿಂದ ಮೇಲೆ ಬರುತ್ತದೆ, ಮರದ ಹಿಂದಿನಿಂದ ಒಂದು ಸುತ್ತು ಬರುತ್ತದೆ, ಮತ್ತೆ ಅದೇ ಹುತ್ತಕ್ಕೆ ಇಳಿಯುತ್ತದೆ. ಈಗ ಮರವನ್ನೂ ಹಾವನ್ನೂ ಎಳೆದು ಬಿಗಿ. ನಾಲ್ಕನೆಯ ಸಲಕ್ಕೆ ಅವಳಿಗೆ ಬಂತು. ನೀವೂ ಮನೆಯಲ್ಲಿ ಒಂದು ತುಂಡು ಹಗ್ಗ ಹಿಡಿದು ಮಾಡಿ ನೋಡಿ. ಕುರ್ಚಿಯ ಕಾಲಿಗೆ ಕಟ್ಟಿ ಅಭ್ಯಾಸ ಮಾಡಿ, ಮೈಗೆ, ಕುತ್ತಿಗೆಗೆ ಬೇಡ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೂ ಒಂದು ಮಾತು. ನೀರಿನ ಹತ್ತಿರ ಹೋಗಬೇಡ ಎಂದು ಬೈದರೆ ಮಕ್ಕಳು ಹೋಗದೆ ಇರುವುದಿಲ್ಲ, ಹೇಳದೆ ಹೋಗುತ್ತಾರೆ. ನಾನೇ ಅದಕ್ಕೆ ಸಾಕ್ಷಿ. ಈಜು ಬಲ್ಲ ದೊಡ್ಡವರ ಕೈಯಲ್ಲಿ ಕಲಿಸಿ, ಕಲಿಯುವಾಗ ದಡದಲ್ಲಿ ನೀವು ನಿಂತಿರಿ. ಹೊಂಡ ತೋಡಿಸಿದವರು ಸುತ್ತ ಬೇಲಿ ಹಾಕಿಸಿ, ಒಳಗೆ ಇಳಿಬಿಟ್ಟ ಗಂಟು ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿಡಿ.

ಈ ರಜೆಗೆ ಮೊಮ್ಮಗಳು ಮತ್ತೆ ಬಂದಿದ್ದಾಳೆ. ಬೆಂಗಳೂರಿನಲ್ಲಿ ಈಜು ಕ್ಲಾಸಿಗೆ ಸೇರಿ, 25 ಮೀಟರ್ ಹೋಗುತ್ತೇನೆ ತಾತ ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಪಕ್ಕದ ತೋಟದ ಬಾವಿಯಲ್ಲಿ ಅವಳಪ್ಪನ ಜೊತೆ ಇಳಿಯುತ್ತಾಳಂತೆ. ನಾನು ದಡದಲ್ಲಿ ನಿಲ್ಲುತ್ತೇನೆ. ಹಗ್ಗ ಹುಡುಕಿ ತೆಗೆದಿಟ್ಟಿದ್ದೇನೆ.

ಇರಲಿ ಅಂತ.

ಅಂದ ಹಾಗೆ, ಗಂಟೆಯ ಲೆಕ್ಕದ ಉತ್ತರ: ನಾಲ್ಕು ಸಲ.